ಹಗ್ಗದ ಗಂಟು ಹಡಗಿನ ವೇಗವಾದ ಕತೆ

ಸಮುದ್ರದ ಮೇಲಿನ ವಾಯುಭಾರ ಕುಸಿತದಲ್ಲಿ ಗಾಳಿಯ ವೇಗ 34 ನಾಟ್ ಮುಟ್ಟಿದರೆ ನಮ್ಮ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಅನ್ನುತ್ತದೆ. ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್. ಹಡಗಿನವರು, ಪೈಲಟ್‌ಗಳು ಎಲ್ಲರೂ ವೇಗ ಹೇಳುವುದು ನಾಟ್‌ನಲ್ಲೇ. ಈ ನಾಟ್ ಮೊದಲು ನಿಜವಾಗಿಯೂ ಹಗ್ಗಕ್ಕೆ ಹಾಕಿದ ಗಂಟಾಗಿತ್ತು.

ನಡುಗಡಲಲ್ಲಿ ಮೈಲಿಗಲ್ಲು ಇರಲ್ಲ. ಎಷ್ಟು ದೂರ ಬಂದೆವು ಅಂತ ತಿಳಿಯಲು ಹಡಗಿನ ವೇಗವೇ ಗೊತ್ತಾಗಬೇಕು. ಅದಕ್ಕೆ ಇಂಗ್ಲಿಷ್ ನಾವಿಕರು ಒಂದು ಉಪಾಯ ಮಾಡಿದ್ದರು. ಹಗ್ಗ ಕಟ್ಟಿದ ಮರದ ತುಂಡನ್ನು ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುವುದು. 1574ರಲ್ಲೇ ವಿಲಿಯಂ ಬೋರ್ನ್ ಇದನ್ನು ವಿವರಿಸಿ ಬರೆದಿದ್ದ. ಮುಂದೆ ಆ ಹಗ್ಗಕ್ಕೆ ಸಮದೂರದಲ್ಲಿ ಗಂಟುಗಳು ಬಂದವು.

ಮರದ ತುಂಡು ಕಾಲು ವೃತ್ತದ ಆಕಾರದ್ದು. ಬಾಗಿದ ಅಂಚಿಗೆ ಸೀಸ ಹಾಕಿರುತ್ತಿದ್ದರು. ಹಾಗಾಗಿ ಅದು ನೀರಿನಲ್ಲಿ ನೆಟ್ಟಗೆ ನಿಂತು, ಇದ್ದಲ್ಲೇ ಇರುತ್ತಿತ್ತು. ಹಡಗು ಮುಂದೆ ಹೋದಂತೆ ರಾಟೆಯಿಂದ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಒಬ್ಬ ಮರಳು ಗಡಿಯಾರ ತಿರುಗಿಸಿ ಹಿಡಿಯುತ್ತಿದ್ದ. ಮರಳು ಖಾಲಿಯಾದ ತಕ್ಷಣ ಹಗ್ಗ ನಿಲ್ಲಿಸಿ, ಎಷ್ಟು ಗಂಟು ಹೋಯಿತು ಅಂತ ಲೆಕ್ಕ ಹಾಕುತ್ತಿದ್ದರು. ಐದು ಹೋಗಿದ್ದರೆ ವೇಗ ಐದು ನಾಟ್. ಗುಣಾಕಾರ, ಭಾಗಾಕಾರ ಏನೂ ಬೇಡ. ಅಕ್ಷರ ಬಾರದವನೂ ವೇಗ ಹೇಳಬಹುದಿತ್ತು. ನನಗಂತೂ ಇದರಲ್ಲಿ ತುಂಬಾ ಇಷ್ಟವಾಗುವುದು ಇದೇ.

ಆದರೆ ಗಂಟುಗಳ ನಡುವಿನ ದೂರವೇ ತಪ್ಪಿತ್ತು. ಸಮುದ್ರದ ಮೈಲಿ, ಅಂದರೆ ಭೂಮಿಯ ಮೇಲೆ ಅಕ್ಷಾಂಶದ ಒಂದು ಡಿಗ್ರಿ ದೂರದ 60ನೇ ಒಂದು ಪಾಲು, 5,000 ಅಡಿ ಅಂತ ಆಗ ನಂಬಿದ್ದರು. 30 ಸೆಕೆಂಡು ಗಂಟೆಯ 120ನೇ ಒಂದು ಪಾಲು; ಹಾಗಾಗಿ 30 ಸೆಕೆಂಡಿನ ಗಡಿಯಾರಕ್ಕೆ ಮೈಲಿಯ 120ನೇ ಒಂದು ಪಾಲಿಗೆ, ಅಂದರೆ ಸುಮಾರು 42 ಅಡಿಗೊಂದು ಗಂಟು. ರಿಚರ್ಡ್ ನಾರ್ವುಡ್ ಎಂಬ ಗಣಿತಜ್ಞ ಲಂಡನ್ನಿನಿಂದ ಯಾರ್ಕ್‌ವರೆಗಿನ ದಾರಿಯನ್ನು ಸರಪಳಿ ಹಿಡಿದು, ಅದಾಗದ ಕಡೆ ಹೆಜ್ಜೆ ಎಣಿಸಿ ಅಳೆದ. ಎರಡೂ ಊರಲ್ಲಿ ಆಕಾಶದಲ್ಲಿ ಸೂರ್ಯನ ಎತ್ತರ ನೋಡಿ, ಅವುಗಳ ನಡುವೆ ಅಕ್ಷಾಂಶ ಎಷ್ಟು ಬದಲಾಗುತ್ತದೆ ಅಂತ ಲೆಕ್ಕ ಹಾಕಿದಾಗ ಮೈಲಿ 6,100 ಅಡಿಗೂ ಜಾಸ್ತಿ ಬಂತು. 1637ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ.

ಆದರೂ ಎಷ್ಟೋ ನಾವಿಕರು ಹಳೇ ಹಗ್ಗ ಬಿಡಲಿಲ್ಲ. ಅದು ಬರೀ ಹಠವಲ್ಲ. ಗಂಟು ಹತ್ತಿರ ಇದ್ದರೆ ಲೆಕ್ಕದಲ್ಲಿ ವೇಗ ಜಾಸ್ತಿ ಬರುತ್ತದೆ. ದಡ ನಿಜಕ್ಕೂ ಹತ್ತಿರವಾಗುವ ಮೊದಲೇ ನಾವಿಕರು ಎಚ್ಚರವಾಗುತ್ತಾರೆ. ಬಂಡೆಗೆ ಬಡಿಯುವುದಕ್ಕಿಂತ ಅದು ವಾಸಿ ಅಲ್ವಾ? ಕೊನೆಗೆ 28 ಸೆಕೆಂಡಿಗೆ 47 ಅಡಿ 3 ಇಂಚು ಎಂಬ ಅಳತೆ ರೂಢಿಗೆ ಬಂತು.

1929ರಲ್ಲಿ ಮೊನಾಕೊದ ಅಂತರರಾಷ್ಟ್ರೀಯ ಸಭೆ ಸಮುದ್ರದ ಮೈಲಿಯನ್ನು 1,852 ಮೀಟರ್ ಎಂದು ನಿಗದಿ ಮಾಡಿತು. ಗಂಟೆಗೆ ಅಂಥ ಒಂದು ಮೈಲಿ ಹೋದರೆ ಒಂದು ನಾಟ್. ಹಾಗಾಗಿ 'ಗಂಟೆಗೆ 40 ನಾಟ್' ಅಂತ ಬರೆಯಬಾರದು, ಸುಮ್ನೆ '40 ನಾಟ್' ಅಂದರೆ ಸಾಕು. ಗಂಟೆಯ ಲೆಕ್ಕ ಅದರೊಳಗೇ ಇದೆ.