ಹೃದಯ ನಿಲ್ಲಿಸುವ ಯೋಗಿಯಿಂದ ಉಸಿರು ಎಣಿಸುವ ರೋಗಿಯವರೆಗೆ

2025ರ ಜೂನ್ ಕೊನೆಯ ಹೊತ್ತಿಗೆ ಹಾಸನದಲ್ಲಿ ಯಾರ ಬಾಯಲ್ಲಿ ಕೇಳಿದರೂ ಹೃದಯದ್ದೇ ಮಾತು. ಸುಮಾರು 40 ದಿನಗಳಲ್ಲಿ ಜಿಲ್ಲೆಯ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಹಬ್ಬಿತ್ತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಎದೆ ಸ್ವಲ್ಪ ಹಿಡಿದಂತಾದರೂ ಜನ ಇಸಿಜಿ ಮಾಡಿಸಲು ಓಡಿದರು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲೂ ನೂಕುನುಗ್ಗಲು. ಸರ್ಕಾರ ತಜ್ಞರ ಸಮಿತಿ ಮಾಡಿತು. ಹಿಂದಿಗಿಂತ ಸಾವು ವಿಪರೀತ ಏರಿಲ್ಲ ಎಂದು ಸಮಿತಿ ಹೇಳಿತು. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಕುಡಿತ ಇವುಗಳ ಕಡೆ ಬೆರಳು ತೋರಿಸಿತು. ಭಯ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಆ ದಿನಗಳಲ್ಲಿ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್‌ಗೆ ಬಂದ ಹಿರಿಯರೊಬ್ಬರು ಹೇಳಿದ್ದು ಇನ್ನೂ ನೆನಪಿದೆ. "ದಿನಾ ಪ್ರಾಣಾಯಾಮ ಮಾಡಿ ಸಾರ್, ಹಾರ್ಟು ನಿಮ್ಮ ಹಿಡಿತಕ್ಕೆ ಬರುತ್ತೆ. ಯಾವ ಇಸಿಜಿನೂ ಬೇಡ." ಪಕ್ಕದಲ್ಲಿದ್ದ ಹುಡುಗ, "ಅದೆಲ್ಲ ಸುಮ್ನೆ" ಎಂದು ಮುಂದೆ ನಡೆದ. ಈ ಎರಡು ಮಾತಿನ ನಡುವೆ ಸುಮಾರು ನೂರು ವರ್ಷದ ಕಥೆ ಇದೆ. ಅದರ ಒಂದು ಎಳೆ ಶುರುವಾಗುವುದೇ ನಮ್ಮ ಹಾಸನದಲ್ಲಿ.

1920ರ ದಶಕದಲ್ಲಿ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಒಬ್ಬ ವಿದ್ವಾಂಸ ಹೊಟ್ಟೆಪಾಡಿಗೆ ಮೇಲ್ವಿಚಾರಣೆ ಕೆಲಸ ಮಾಡುತ್ತಿದ್ದರು. ಹೆಸರು ತಿರುಮಲೈ ಕೃಷ್ಣಮಾಚಾರ್ಯ. ಚಿತ್ರದುರ್ಗ ಜಿಲ್ಲೆಯವರು, ವೇದ ಶಾಸ್ತ್ರ ಓದಿದವರು. ಬಿಡುವಾದಾಗ ಊರೂರಿಗೆ ಹೋಗಿ ಯೋಗದ ಬಗ್ಗೆ ಉಪನ್ಯಾಸ ಕೊಟ್ಟು ಆಸನ ಮಾಡಿ ತೋರಿಸುತ್ತಿದ್ದರು. 1927ರಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ಅಂಥದೊಂದು ಪ್ರದರ್ಶನ ನಡೆಯಿತು. ನೋಡಲು ಬಂದವರಲ್ಲಿ ಪಕ್ಕದ ಕೌಶಿಕ ಗ್ರಾಮದ 12 ವರ್ಷದ ಹುಡುಗನೊಬ್ಬ ಇದ್ದ. ಮುಂದೆ ಅಷ್ಟಾಂಗ ಯೋಗದ ಮೂಲಕ ಜಗತ್ತಿಗೆ ಗೊತ್ತಾದ ಪಟ್ಟಾಭಿ ಜೋಯಿಸ್ ಆ ಹುಡುಗ. (ಅವರು ತೀರಿಕೊಂಡ ಮೇಲೆ ಹಲವು ಶಿಷ್ಯೆಯರು ಪಾಠದ ವೇಳೆ ಅವರು ಅನುಚಿತವಾಗಿ ಮುಟ್ಟುತ್ತಿದ್ದರು ಎಂದು ಬಹಿರಂಗವಾಗಿ ಹೇಳಿದರು. ಊರಿನ ಹೆಮ್ಮೆಯ ಜೊತೆ ಇದನ್ನೂ ಹೇಳಲೇಬೇಕು.) ಕೃಷ್ಣಮಾಚಾರ್ಯರನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿಗೆ ಕರೆಸಿಕೊಂಡರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು.

ಆಗ ಯೋಗ ಎಂದರೆ ಜನರ ಕಣ್ಣಿಗೆ ಅರ್ಧ ವ್ಯಾಯಾಮ, ಅರ್ಧ ಪವಾಡ. ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಾರೆ ಎಂಬ ಮಾತು ದೇಶ ದಾಟಿ ಹೋಗಿತ್ತು. 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ಹೃದಯ ತಜ್ಞೆ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಯೋಗಿಯ ಹೃದಯದ ಗೆರೆ ಹೆಚ್ಚುಕಡಿಮೆ ಸೊನ್ನೆಗೆ ಇಳಿದಂತೆ ಕಾಣುವ ದಾಖಲೆಯೊಂದು ಅವರಿಗೆ ಸಿಕ್ಕಿತು. ಮಾತಿಗೆ ಈಗ ಯಂತ್ರದ ಸಾಕ್ಷಿಯೂ ಸೇರಿತು.

ಎರಡು ದಶಕದ ಮೇಲೆ ಅಮೆರಿಕದ ಸಂಶೋಧಕರಾದ ವೆಂಗರ್ ಮತ್ತು ಬಾಗ್ಚಿ ಬಂದರು. ದೆಹಲಿಯ ಏಮ್ಸ್‌ನ ಬಿ.ಕೆ. ಆನಂದ್ ಜೊತೆ ಸೇರಿ ಇದೇ ಮಾತನ್ನು ಮತ್ತೆ ಪರೀಕ್ಷೆಗೆ ಒಡ್ಡಿದರು. 1961ರಲ್ಲಿ ಬಂದ ಅವರ ವರದಿ ಸ್ಪಷ್ಟವಾಗಿತ್ತು. ಹೃದಯ ನಿಲ್ಲುವುದಿಲ್ಲ. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದರೆ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಮಣಿಕಟ್ಟಿನ ನಾಡಿ ಸಿಗುವುದಿಲ್ಲ. ಸ್ಟೆತಾಸ್ಕೋಪಿಗೂ ಸದ್ದು ಕೇಳುವುದಿಲ್ಲ. ಆದರೆ ಇಸಿಜಿಯಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ.

ಈ ವರದಿಯಿಂದ ಯೋಗಕ್ಕೆ ಅವಮಾನವಾಯಿತು ಎಂದು ನನಗೆ ಅನ್ನಿಸುವುದಿಲ್ಲ. ತಪ್ಪು ಪ್ರಶ್ನೆಯೊಂದು ದಾರಿಯಿಂದ ಸರಿಯಿತು ಅಷ್ಟೆ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲೇ ನೋಡಿ. ಹತ್ತನೇ ಶತಮಾನದ ಕೊನೆಯಿಂದ 58 ಅಡಿಯ ಬಾಹುಬಲಿ ಬೆಟ್ಟದ ಮೇಲೆ ನಿಂತಿದ್ದಾನೆ. ಕಾಲಿಗೆ, ತೋಳಿಗೆ ಬಳ್ಳಿ ಹಬ್ಬಿದೆ. ಆ ನಿಲುವಿನ ಹೆಸರು ಕಾಯೋತ್ಸರ್ಗ. ಅಂದರೆ ಕಾಯದ ಮೇಲಿನ ಮಮಕಾರ ಬಿಡುವುದು. ಹಿಡಿತಕ್ಕೆ ತೆಗೆದುಕೊಳ್ಳುವ ಮಾತೇ ಅಲ್ಲಿಲ್ಲ, ಅಲ್ವಾ? ವಿಜ್ಞಾನ ಮುಂದೆ ಹೋಗಿ ಮುಟ್ಟಿದ್ದೂ ಈ ಬಿಡುವ ಕಡೆಯನ್ನೇ.

ಹಾರ್ವರ್ಡ್‌ನ ಹೃದಯ ತಜ್ಞ ಹರ್ಬರ್ಟ್ ಬೆನ್ಸನ್ ಮಂಗಗಳಲ್ಲಿ ರಕ್ತದೊತ್ತಡದ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಮಹರ್ಷಿ ಮಹೇಶ ಯೋಗಿಯ ಧ್ಯಾನ ಪದ್ಧತಿ ಕಲಿತ ಯುವಕರು ಬಂದು, ನಮ್ಮನ್ನೂ ಪರೀಕ್ಷಿಸಿ ಎಂದರು. ಬೆನ್ಸನ್ ಮೊದಲು ಒಪ್ಪಲಿಲ್ಲ. ಆ ಯುವಕರು ಬಿಡಲಿಲ್ಲ. 1970ರ ದಶಕದ ಆರಂಭದಲ್ಲಿ ಬೆನ್ಸನ್ ಮತ್ತು ರಾಬರ್ಟ್ ಕೀತ್ ವ್ಯಾಲೇಸ್ ಕಂಡದ್ದು ಇದು: ಸುಮ್ಮನೆ ಕೂತು ಧ್ಯಾನ ಮಾಡುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕ ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ. ಗಾಬರಿಯಾದಾಗ ದೇಹ ಏನು ಮಾಡುತ್ತದೋ ಅದರ ತದ್ವಿರುದ್ಧ. ಇದಕ್ಕೆ ಒಂದೇ ಮಂತ್ರ ಬೇಕಿಲ್ಲ, ಮನಸ್ಸಿಗೆ ಒಪ್ಪುವ ಯಾವ ಪದವಾದರೂ ಆದೀತು ಎಂದೂ ಬೆನ್ಸನ್ ಹೇಳಿದರು.

1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಾನ್ ಕಬಟ್-ಝಿನ್ ಕೆಲವು ವಾರಗಳ ಧ್ಯಾನದ ತರಗತಿ ಶುರು ಮಾಡಿದರು. ಔಷಧಿಗೂ ಬಗ್ಗದ ನೋವಿನವರು ಅಲ್ಲಿಗೆ ಬಂದರು. ಬೌದ್ಧ ಧ್ಯಾನ ಹೀಗೆ ಧರ್ಮದ ಹೆಸರಿಲ್ಲದೆ ಆಸ್ಪತ್ರೆಯೊಳಗೆ ಬಂತು. ಅದರಿಂದಲೇ ಹುಟ್ಟಿದ ಇನ್ನೊಂದು ಚಿಕಿತ್ಸೆ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದವರಲ್ಲಿ ಅದು ಮರುಕಳಿಸುವುದನ್ನು ತಗ್ಗಿಸಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲೂ ಅದಕ್ಕೆ ಜಾಗ ಸಿಕ್ಕಿತು.

ಇಡೀ ಕಥೆಯಲ್ಲಿ ನನಗೆ ತುಂಬ ಹತ್ತಿರವಾದ ಅಧ್ಯಯನ 2001ರದು. ಇಟಲಿಯ ಲೂಚಿಯಾನೊ ಬರ್ನಾರ್ಡಿ ತಂಡ 23 ಆರೋಗ್ಯವಂತರಿಗೆ ಎರಡು ಪಠಣ ಕೊಟ್ಟಿತು. ಒಂದು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ, ಲ್ಯಾಟಿನ್‌ನಲ್ಲಿ. ಇನ್ನೊಂದು 'ಓಂ ಮಣಿ ಪದ್ಮೇ ಹುಂ'. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6 ಸಲಕ್ಕೆ ಬಂದು ನಿಂತಿತು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ಉಸಿರು ಎಳೆದುಕೊಂಡಾಗ ಹೃದಯ ಕೊಂಚ ಬೇಗ ಬಡಿಯುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಕತ್ತಿನ ಮೂಲಕ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ನರಕ್ಕೆ ಇದರಲ್ಲಿ ದೊಡ್ಡ ಪಾತ್ರ. ಕತ್ತಿನ ರಕ್ತನಾಳದ ಗೋಡೆಯಲ್ಲಿ ಒತ್ತಡ ಅಳೆಯುವ ನರತುದಿಗಳೂ ಇವೆ. ಒತ್ತಡ ಏರಿದರೆ ಅವು ಮೆದುಳಿಗೆ ತಿಳಿಸುತ್ತವೆ, ಮೆದುಳು ಹೃದಯವನ್ನು ನಿಧಾನ ಮಾಡಿಸುತ್ತದೆ. ಉಸಿರು ನಿಮಿಷಕ್ಕೆ 6ರ ಆಸುಪಾಸು ಬಂದಾಗ ಈ ಏರಿಳಿತಗಳು ಒಂದಕ್ಕೊಂದು ತಾಳ ಕೂಡುತ್ತವೆ. ಒತ್ತಡ ಸರಿದೂಗಿಸುವ ಕೆಲಸ ಚುರುಕಾಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಸಂಜೆ ದೀಪ ಹಚ್ಚಿ ವಿಷ್ಣು ಸಹಸ್ರನಾಮ ಹೇಳುತ್ತಿದ್ದ ನಮ್ಮಜ್ಜಿ. ಒಂದು ಉಸಿರಿಗೆ ಒಂದು ಸಾಲು. ಬಸದಿಯ ಣಮೋಕಾರ ಮಂತ್ರ, ಬಾಬಾಬುಡನ್‌ಗಿರಿಗೆ ಬರುವ ಫಕೀರರ ಜಿಕ್ರ್, ಚರ್ಚಿನ ಜಪಮಾಲೆ ಎಲ್ಲವೂ ಇಲ್ಲಿವೆ. ಹೊರಬಿಡುವ ಉಸಿರನ್ನು ಉದ್ದ ಮಾಡುವ ಯಾವ ಪಠಣಕ್ಕೂ ಈ ಗುಣ ಇದ್ದೀತು ಎಂದು ನನ್ನ ನಂಬಿಕೆ. ಬೆಂಗಳೂರಿನ ನಿಮ್ಹಾನ್ಸ್ 2011ರಲ್ಲಿ ಓಂಕಾರ ಹೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿತ್ತು. ಹೋಲಿಕೆಗೆ ಬರೀ 'ಸ್ಸ್' ಎಂಬ ಸದ್ದು. ಓಂಕಾರದ ವೇಳೆ ಭಯ, ಉದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಇಳಿದಿತ್ತು, 'ಸ್ಸ್' ಅಂದಾಗ ಇಳಿಯಲಿಲ್ಲ. ಪರೀಕ್ಷೆಗೆ ಕೂತವರು ಕೇವಲ 12 ಮಂದಿ. ಹಾಗಾಗಿ ಇದು ಮೊದಲ ಹೆಜ್ಜೆ ಮಾತ್ರ.

ಚಿಕ್ಕ ಅಧ್ಯಯನಗಳನ್ನು ಹಿಡಿದು ದೊಡ್ಡ ಮಾತಾಡಿದ್ದೂ ಜಾಸ್ತಿಯೇ. ಎಂಟು ವಾರ ಧ್ಯಾನ ಮಾಡಿದರೆ ಮೆದುಳಿನ ಕೆಲವು ಭಾಗ ದಪ್ಪವಾಗುತ್ತದೆ ಎಂಬ ಸುದ್ದಿ ಓಡಾಡಿತು. 2022ರಲ್ಲಿ 200ಕ್ಕೂ ಹೆಚ್ಚು ಜನರನ್ನು ನೋಡಿದಾಗ ಅಂಥ ಬದಲಾವಣೆ ಸಿಗಲಿಲ್ಲ. ಅದೇ ವರ್ಷ ಬ್ರಿಟನ್ನಿನ 8 ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಅಧ್ಯಯನ ಬಂತು. ತರಗತಿಯಲ್ಲಿ ಧ್ಯಾನ ಕಲಿಸಿದ್ದರಿಂದ ಅವರ ಮಾನಸಿಕ ಆರೋಗ್ಯವೇನೂ ಸುಧಾರಿಸಿರಲಿಲ್ಲ. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದವರು ಆತಂಕ, ಖಿನ್ನತೆ, ನೋವು ಇವುಗಳಿಗೆ ಸಾಧಾರಣ ಮಟ್ಟದ ಉಪಯೋಗ ಇದೆ ಎಂದರು. ವ್ಯಾಯಾಮಕ್ಕಿಂತ, ಔಷಧಿಗಿಂತ ಮೇಲು ಎನ್ನಲು ಆಧಾರ ಸಿಗಲಿಲ್ಲ. ದೀರ್ಘ ಮೌನ ಶಿಬಿರಗಳಲ್ಲಿ ಕೆಲವರಿಗೆ ವಿಪರೀತ ಗಾಬರಿ, ಹಳೆಯ ಆಘಾತದ ನೆನಪು ಬಂದದ್ದೂ ದಾಖಲಾಗಿದೆ. ಶಿಬಿರ ನಡೆಸುವವರು ಇದನ್ನು ಮೊದಲೇ ಹೇಳಬೇಕು.

ಇನ್ನು ಹಾಸನದ ಪ್ರಶ್ನೆಗೆ ನೇರ ಉತ್ತರ ಕೊಡುವ ಪ್ರಯೋಗ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾಗಿ ಚೇತರಿಸಿಕೊಳ್ಳುತ್ತಿದ್ದ ಸುಮಾರು 4 ಸಾವಿರ ಜನರ ಮೇಲೆ ನಡೆದದ್ದು. 2020ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇತ್ತು. ಅರ್ಧ ಜನರಿಗೆ ಅದರ ಜೊತೆ ಮೂರು ತಿಂಗಳು ಸರಳ ಆಸನ, ಉಸಿರಾಟ, ಧ್ಯಾನ ಕಲಿಸಿದರು. ಮತ್ತೆ ಹೃದಯಾಘಾತ ಅಥವಾ ಸಾವು ಕಡಿಮೆಯಾಯಿತೇ? ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಕಲಿತವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು. ಆಘಾತಕ್ಕೆ ಮೊದಲು ಮಾಡುತ್ತಿದ್ದ ಕೆಲಸಗಳಿಗೆ ಹೆಚ್ಚು ಮಟ್ಟಿಗೆ ಮರಳಿದರು.

ಈ ಕೊನೆಯ ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಒಮ್ಮೆ ಎದೆನೋವು ಕಂಡವರ ಮನೆಯಲ್ಲಿ ಏನಾಗುತ್ತದೆ ಎಂದು ನಮಗೆ ಗೊತ್ತು. ಮೆಟ್ಟಿಲು ಹತ್ತಲು ಭಯ. ಬಚ್ಚಲಿಗೆ ಒಬ್ಬರೇ ಹೋಗಲು ಭಯ. ಆಟೋ ಓಡಿಸುವವರು ಆಟೋ ಮಾರುತ್ತಾರೆ, ತೋಟದವರು ತೋಟದ ಕಡೆ ಹೋಗುವುದನ್ನೇ ಬಿಡುತ್ತಾರೆ. ಸ್ಟೆಂಟ್ ರಕ್ತನಾಳ ತೆರೆಯುತ್ತದೆ, ಆ ಭಯಕ್ಕೆ ಬೇರೆ ದಾರಿ ಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಾತ್ರೆ ಚೀಟಿಯ ಜೊತೆ ಈ ಮೂರು ತಿಂಗಳ ತರಗತಿಯೂ ಸಿಗುವ ಹಾಗಾದರೆ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಕನ್ನಡದಲ್ಲೇ ಸಿಗುವ ಹಾಗಾದರೆ, ಎಷ್ಟು ಮನೆಗಳಿಗೆ ಉಪಕಾರವಾದೀತು!

ಪಾರ್ಕಿನಲ್ಲಿ ಈಗ ಇನ್ನೊಬ್ಬರು ಸಿಗುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು. ಮಾತ್ರೆ ತಪ್ಪಿಸುವುದಿಲ್ಲ, ಡಾಕ್ಟರ ಬಳಿ ಹೋಗುವುದನ್ನೂ ಬಿಟ್ಟಿಲ್ಲ. ಎರಡು ಸುತ್ತು ನಡೆದ ಮೇಲೆ ಬೆಂಚಿನ ಮೇಲೆ ಕೂತು, ವಾಚು ತೊಡೆಯ ಮೇಲಿಟ್ಟುಕೊಂಡು ಉಸಿರು ಎಣಿಸುತ್ತಾರೆ. ಮೊನ್ನೆ, ಎಷ್ಟಕ್ಕೆ ಬಂತು ಎಂದು ಕೇಳಿದೆ.

"ಏಳು. ಆರಕ್ಕೆ ಇನ್ನೂ ಇಳಿದಿಲ್ಲ. ಆದರೆ ನಿನ್ನೆ ಒಬ್ಬನೇ ಮೊಮ್ಮಗಳನ್ನ ಸ್ಕೂಲಿಗೆ ಬಿಟ್ಟು ಬಂದೆ" ಎಂದರು.