ಧೂಮಕೇತುವಿನ ಧೂಳನ್ನೇ ಹಿಡಿದು ತಂದವರು

ಧೂಮಕೇತು ಅಂದರೆ ಮಂಜುಗಡ್ಡೆ ಮತ್ತು ಧೂಳು ಸೇರಿದ ಗಡ್ಡೆ ಎಂದು ಖಗೋಳ ವಿಜ್ಞಾನಿ ಫ್ರೆಡ್ ವಿಪಲ್ 1950ರಲ್ಲೇ ಹೇಳಿದ್ದರು. ಆದರೆ ಆ ಧೂಳು ಎಂಥದ್ದು? ಕೈಗೆ ಸಿಗದೆ ಹೇಳುವುದು ಕಷ್ಟ, ಅಲ್ವಾ? ಅಮೆರಿಕದ ಖಗೋಳ ವಿಜ್ಞಾನಿ ಡೊನಾಲ್ಡ್ ಬ್ರೌನ್‌ಲೀ ಅದನ್ನು ಕೈಗೆ ತಂದುಕೊಳ್ಳಲು ದಶಕಗಳ ಕಾಲ ದುಡಿದರು.

ಗ್ರಹಗಳ ನಡುವಿನ ಧೂಳು ಭೂಮಿಗೆ ವರ್ಷಕ್ಕೆ ಹತ್ತಾರು ಸಾವಿರ ಟನ್ ಬೀಳುತ್ತದೆ. ಮರಳಿನ ಹರಳಿನಷ್ಟು ದಪ್ಪದ್ದು ಉಲ್ಕೆಯಾಗಿ ಉರಿದುಹೋಗುತ್ತದೆ. ತೀರಾ ಸಣ್ಣದು ಉಳಿದುಕೊಳ್ಳುತ್ತದೆ. ಗಾಳಿ ತೆಳುವಾಗಿರುವ ಎತ್ತರದಲ್ಲೇ ಅದರ ವೇಗ ತಗ್ಗುತ್ತದೆ, ಹುಟ್ಟಿದ ಶಾಖವೂ ಬೇಗ ಹೊರಗೆ ಹೋಗುತ್ತದೆ. ಆಮೇಲೆ ನಿಧಾನವಾಗಿ ಕೆಳಗಿಳಿಯುತ್ತದೆ.

ನೆಲ ಮುಟ್ಟಿದರೆ ಇಲ್ಲಿನ ಧೂಳಲ್ಲಿ ಬೆರೆತು ಗುರುತೇ ಸಿಗಲ್ಲ. ಹಾಗಾಗಿ ಮೇಲೆಯೇ ಹಿಡಿಯಬೇಕು. ಬ್ರೌನ್‌ಲೀ ಮೊದಲು ಬಲೂನು ಹಾರಿಸಿದರು. 1970ರ ದಶಕದಲ್ಲಿ ನಾಸಾದ ಯು-2 ವಿಮಾನ ಸಿಕ್ಕಿತು. ಸಿಲಿಕೋನ್ ಎಣ್ಣೆ ಸವರಿದ ತಟ್ಟೆಗಳನ್ನು ಅದು ಸುಮಾರು 20 ಕಿ.ಮೀ. ಎತ್ತರದಲ್ಲಿ ಗಾಳಿಗೆ ಒಡ್ಡುತ್ತಿತ್ತು. ಅಂಟಿಕೊಂಡ ಕಣಗಳು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತಿದ್ದವು. ಆದರೆ ಅಷ್ಟು ಎತ್ತರದಲ್ಲೂ ರಾಕೆಟ್ ಹೊಗೆಯ ಕಣ ಇರುತ್ತದೆ. ಇದು ಆಕಾಶದ್ದೇ ಅನ್ನುವುದಕ್ಕೆ ಸಾಕ್ಷಿ ಏನು? ಸಾಕ್ಷಿ ಸಿಕ್ಕಿದ್ದು ಹೀಲಿಯಂನಲ್ಲಿ. ಸೂರ್ಯನಿಂದ ಬೀಸುವ ಸೌರಮಾರುತ ಆ ಕಣಗಳೊಳಗೆ ಹೀಲಿಯಂ ತುಂಬಿಸಿಟ್ಟಿತ್ತು. ಭೂಮಿಯ ಧೂಳಿಗೆ ಅದು ಬರುವ ದಾರಿಯೇ ಇಲ್ಲ. ಬ್ರೌನ್‌ಲೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆ ಇರುವುದು ಈ ಹಂತದ ಬಗ್ಗೆ. ಇದು ಗಟ್ಟಿಯಾಗದೆ ಮುಂದಿನದು ಯಾವುದೂ ನಿಲ್ಲುತ್ತಿರಲಿಲ್ಲ.

ಆದರೂ ಯಾವ ಕಣ ಯಾವ ಧೂಮಕೇತುವಿನದು ಎಂದು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಅದಕ್ಕೆ ಧೂಮಕೇತುವಿನ ಹತ್ತಿರವೇ ಹೋಗಬೇಕಿತ್ತು. ಬ್ರೌನ್‌ಲೀ ಮುಂದಾಳತ್ವದ ಸ್ಟಾರ್‌ಡಸ್ಟ್ ನೌಕೆ 1999ರಲ್ಲಿ ಹೊರಟಿತು. 2004ರ ಜನವರಿ 2ರಂದು ವಿಲ್ಟ್-2 ಧೂಮಕೇತುವಿನ ಪಕ್ಕದಲ್ಲೇ ಹಾದುಹೋಯಿತು. ಕಣಗಳು ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಬಡಿಯುತ್ತಿದ್ದವು. ಅವುಗಳನ್ನು ಹಿಡಿದದ್ದು ಏರೋಜೆಲ್, ಅಂದರೆ ಬಹುಪಾಲು ಗಾಳಿಯೇ ತುಂಬಿರುವ ಗಾಜಿನಂಥ ವಸ್ತು. 2006ರ ಜನವರಿ 15ರಂದು ಅದಿದ್ದ ಪೆಟ್ಟಿಗೆ ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ಇಳಿಯಿತು.

ಧೂಮಕೇತು ಹುಟ್ಟಿದ್ದು ಸೌರಮಂಡಲದ ಹೊರ ಅಂಚಿನ ಚಳಿಯಲ್ಲಿ. ಹಾಗಾಗಿ ಅದರಲ್ಲಿ ನಕ್ಷತ್ರಗಳ ನಡುವಿನ ಹಳೆಯ ಧೂಳೇ ಜಾಸ್ತಿ ಇರುತ್ತದೆ ಎಂದು ಬಹಳ ಜನ ನಂಬಿದ್ದರು. ಅಂಥ ಧೂಳು ಸಿಕ್ಕಿದ್ದು ತೀರಾ ಕಡಿಮೆ. ಬದಲಿಗೆ ಸಾವಿರ ಡಿಗ್ರಿಗೂ ಮೀರಿದ ಬಿಸಿಯಲ್ಲಿ ಮಾತ್ರ ಹುಟ್ಟುವ ಖನಿಜಗಳು ಕಂಡವು. ಉಲ್ಕಾಶಿಲೆಗಳಲ್ಲಿ ಇರುವಂಥದೇ ಚೂರುಗಳೂ ಇದ್ದವು. ಅಂದರೆ ಎಳೆಯ ಸೂರ್ಯನ ಹತ್ತಿರ ಬೆಂದ ಧೂಳು ಅಷ್ಟು ದೂರ ಸಾಗಿ ಮಂಜುಗಡ್ಡೆಯ ಜೊತೆ ಸೇರಿಕೊಂಡಿದೆ. ಅದನ್ನು ಅಲ್ಲಿಯವರೆಗೆ ಒಯ್ದದ್ದು ಯಾವುದು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.