ಕೈಯಲ್ಲಿ ದುಡ್ಡಿದ್ದವನು ಸಾಲ ಯಾಕೆ ಮಾಡ್ತಾನೆ?

ಆಡಿಟ್ ಕಲಿಯಲು ಬರುವ ಹುಡುಗರಿಗೆ ನಾನು ಕಾಲಿಸ್ಟೋ ತಾಂಝಿಯ ಕಥೆ ಹೇಳುತ್ತೇನೆ. ಹೆಸರು ಕೇಳಿದ ಕೂಡಲೇ ಯಾರಿಗೂ ಗುರುತು ಸಿಗಲ್ಲ. ಇಟಲಿಯ ಪಾರ್ಮಾ ಫುಟ್‌ಬಾಲ್ ಕ್ಲಬ್ ಅಂದರೆ ಒಂದಿಬ್ಬರ ಕಣ್ಣರಳುತ್ತದೆ. ಬುಫೋನ್, ಕನ್ನವಾರೊ, ತುರಾಮ್, ಕ್ರೆಸ್ಪೊ ಎಲ್ಲ ಒಟ್ಟಿಗೆ ಆಡಿದ ತಂಡ ಅಲ್ವಾ ಅದು! ಆ ತಂಡದ ಹಿಂದಿದ್ದ ಹಣ ತಾಂಝಿಯದು. ಹಾಗಂತ ಎಲ್ಲರೂ ನಂಬಿದ್ದರು.

ತಾಂಝಿ ಹುಟ್ಟಿದ್ದು 1938ರಲ್ಲಿ, ಪಾರ್ಮಾ ಪಕ್ಕದ ಕೊಲ್ಲೆಕ್ಕಿಯೊದಲ್ಲಿ. ಮನೆಯವರದು ಹಂದಿಮಾಂಸ, ಡಬ್ಬಿ ಆಹಾರದ ವ್ಯಾಪಾರ. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು 1961ರಲ್ಲಿ ಹಾಲಿನ ಕಂಪನಿ ಶುರು ಮಾಡಿದ. ಅದೇ ಪಾರ್ಮಲಾಟ್. ಫ್ರಿಜ್ ಇಲ್ಲದಿದ್ದರೂ ಕೆಡದ ಟೆಟ್ರಾ ಪ್ಯಾಕ್ ಹಾಲು ಅವನ ಕೈ ಹಿಡಿಯಿತು. ನಮ್ಮ ನಂದಿನಿ ಗುಡ್‌ಲೈಫ್ ಇದೆಯಲ್ಲ, ಅದೇ ಬಗೆಯದು. ಇಲ್ಲಿಯವರೆಗೆ ಅವನ ವ್ಯಾಪಾರಬುದ್ಧಿಗೆ ಸಲಾಂ ಹೇಳಲೇಬೇಕು.

ಪಾರ್ಮಾ ತಂಡ 1990ರಲ್ಲಿ ಮೊದಲ ಸಲ ಇಟಲಿಯ ಅಗ್ರ ಲೀಗ್ ಆದ ಸೀರಿ ಎಗೆ ಏರಿತು. ಆಮೇಲೆ ಯುರೋಪಿನ ಕಪ್‌ಗಳ ಸರದಿ. 1993ರಲ್ಲಿ ವೆಂಬ್ಲಿಯಲ್ಲಿ ಕಪ್ ವಿನ್ನರ್ಸ್ ಕಪ್, 1995ರಲ್ಲಿ ಯುವೆಂಟಸ್‌ನಂಥ ತಂಡವನ್ನು ಸೋಲಿಸಿ ಯುಇಎಫ್ಎ ಕಪ್, 1999ರಲ್ಲಿ ಮತ್ತೊಮ್ಮೆ ಅದೇ ಕಪ್. ಇಷ್ಟು ಗೆಲ್ಲುವ ಮಾಲೀಕನ ಬಳಿ ಬ್ಯಾಂಕಿನವರು ಗಟ್ಟಿಯಾಗಿ ಪ್ರಶ್ನೆ ಕೇಳೋದು ಕಷ್ಟ.

2003ರ ಡಿಸೆಂಬರ್‌ನಲ್ಲಿ 150 ಮಿಲಿಯನ್ ಯೂರೋ ಬಾಂಡ್ (ಸಾಲಪತ್ರ) ಹಣವನ್ನು ಸಮಯಕ್ಕೆ ಕಟ್ಟಲು ಪಾರ್ಮಲಾಟ್ ಕೈಲಿ ಆಗಲಿಲ್ಲ. ಲೆಕ್ಕಪುಸ್ತಕದಲ್ಲಿ ನೋಡಿದರೆ ಕೇಮನ್ ದ್ವೀಪದ ಬಾನ್‌ಲಾಟ್ ಎಂಬ ಉಪಕಂಪನಿಯೊಂದರ ಖಾತೆಯಲ್ಲೇ 3.95 ಬಿಲಿಯನ್ ಯೂರೋ! ಆ ಹಣ ಬ್ಯಾಂಕ್ ಆಫ್ ಅಮೆರಿಕದಲ್ಲಿದೆ ಎನ್ನುವ ಬ್ಯಾಂಕಿನ ಪತ್ರವೂ ಇತ್ತು. ಬ್ಯಾಂಕನ್ನೇ ಕೇಳಿದಾಗ, ಆ ಪತ್ರ ನಮ್ಮದಲ್ಲ ಎಂದಿತು. ಬ್ಯಾಂಕಿನ ಲಾಂಛನ ಸ್ಕ್ಯಾನ್ ಮಾಡಿ, ಪತ್ರ ತಯಾರಿಸಿ, ಅಸಲಿಯಂತೆ ಕಾಣಲಿ ಎಂದು ಫ್ಯಾಕ್ಸ್ ಯಂತ್ರದಲ್ಲಿ ಹಾಯಿಸಿದ್ದರು. ಸುಮ್ನೆ ಒಂದು ಹಾಳೆ. ಪಾರ್ಮಲಾಟ್ ಮತ್ತು ಅದರ ಉಪಕಂಪನಿಗಳ ಒಟ್ಟು ಸಾಲ ಸುಮಾರು 14 ಬಿಲಿಯನ್ ಯೂರೋ.

ಇಟಲಿಯ ಕಾನೂನು ನಮ್ಮ ಈಗಿನ ಕಾನೂನಿನಂತೆಯೇ ಕೆಲವು ವರ್ಷಗಳಿಗೊಮ್ಮೆ ಆಡಿಟರ್ ಬದಲಿಸಬೇಕು ಎನ್ನುತ್ತದೆ. 1999ರಲ್ಲಿ ಬದಲಾಯಿತು ಕೂಡ. ಆದರೆ ಅದಕ್ಕೂ ಸ್ವಲ್ಪ ಮುಂಚೆ ಹುಟ್ಟಿದ ಬಾನ್‌ಲಾಟ್ ಹಳೆಯ ಆಡಿಟರ್ ಬಳಿಯೇ ಉಳಿಯಿತು. ಹೊಸಬರು ಅವರ ವರದಿಯ ಮೇಲೆ ಭಾರ ಹಾಕಿದರು. ನನ್ನ ಪ್ರಕಾರ ಇಡೀ ಹಗರಣದಲ್ಲಿ ಕಲಿಯಬೇಕಾದ ಜಾಗ ಇದು. ಬ್ಯಾಂಕ್ ಶಿಲ್ಕನ್ನು, ಅಂದರೆ ಖಾತೆಯಲ್ಲಿರುವ ಹಣವನ್ನು, ಆಡಿಟರ್ ನೇರವಾಗಿ ಬ್ಯಾಂಕಿಗೇ ಕೇಳಿ, ನೇರವಾಗಿ ಉತ್ತರ ಪಡೆಯಬೇಕು. ಕಂಪನಿಯವರು ತಂದುಕೊಟ್ಟ ಕಾಗದ ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ಒಂದು ಸಾದಾ ಪ್ರಶ್ನೆ ಇತ್ತು: ಅಷ್ಟು ನಗದು ಇಟ್ಟುಕೊಂಡವನು ಮತ್ತೆ ಮತ್ತೆ ಬಡ್ಡಿಗೆ ಸಾಲ ಯಾಕೆ ಎತ್ತುತ್ತಾನೆ? 2009ರಲ್ಲಿ ಬಯಲಾದ, ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಹಗರಣದಲ್ಲೂ ಇಲ್ಲದ ಬ್ಯಾಂಕ್ ಶಿಲ್ಕೇ ಪುಸ್ತಕದಲ್ಲಿತ್ತು.

2009ರಲ್ಲೇ ತಾಂಝಿ ಬಚ್ಚಿಟ್ಟಿದ್ದ ವ್ಯಾನ್ ಗಾಗ್, ಪಿಕಾಸೊ ಚಿತ್ರಗಳನ್ನು ಪೊಲೀಸರು ವಶಪಡಿಸಿಕೊಂಡರು. 2010ರಲ್ಲಿ ಪಾರ್ಮಾ ನ್ಯಾಯಾಲಯ 18 ವರ್ಷ ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. 2022ರ ಜನವರಿ 1ರಂದು ಆತ ತೀರಿಕೊಂಡ. ಕ್ಲಬ್ ಅಷ್ಟರಲ್ಲಾಗಲೇ ಬೇರೆಯವರ ಪಾಲಾಗಿತ್ತು. ಬಾಂಡ್ ಕೊಂಡಿದ್ದ ಒಂದು ಲಕ್ಷಕ್ಕೂ ಜಾಸ್ತಿ ಸಣ್ಣ ಉಳಿತಾಯಗಾರರಿಗೆ ಹೊಸ ಪಾರ್ಮಲಾಟ್‌ನ ಷೇರು ಸಿಕ್ಕಿತು. ಅದರ ಬೆಲೆ ಅವರು ಹಾಕಿದ್ದ ಹಣದ ಒಂದು ಪಾಲು ಮಾತ್ರ.